ಅನುಮಾನದ ರೆಂಬೆ

ಇವತ್ತಾದರೂ ಹೇಳಿಬಿಡಬೇಕೋ, ಅಥವಾ ಇನ್ನೊಂದು ಅನುಮಾನ ಹುಟ್ಟಿಸಿಕೊಂಡು ಹೋಗಬೇಕೋ? ಹೇಳಿದರೆ ಆ ಹಾಳೆಯ ಕೆಲಸ ಮುಗಿಯುತ್ತದೆ, ಅವಳು ಈ ಮೇಜಿಗೆ ಬರುವ ನೆಪವೂ ಮುಗಿಯುತ್ತದೆ. ಹೇಗೂ ನಾಳೆಯಿಂದ ಅವಳಿಗೆ ಬೇರೆ ಊರಿನ ಕಚೇರಿ.

ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಹೊಲಿದು ಕಾಪಾಡುವ ಸಂಗ್ರಹಾಲಯ ಅದು. ಅವನು ಹೊಲಿಯುವವನು, ಅವಳು ಹೆಸರು ಗುರುತಿಸುವವಳು. ನಾಲ್ಕು ತಿಂಗಳ ಹಿಂದೆ ಗೇಣುದ್ದದ ಒಂದು ತುಂಡು ಬಂದಿತ್ತು. ಯಾರೋ ಪುಣ್ಯಾತ್ಮರು ಚೀಟಿಯಲ್ಲಿ ‘ಸೈಪ್ರೆಸ್ ಮರದ ರೆಂಬೆ’ ಎಂದು ಬರೆದಿದ್ದರು. ಸೂಜಿಗೆ ದಾರ ಪೋಣಿಸುವಾಗಲೇ ಅವನಿಗೆ ತಿಳಿಯಿತು: ಇದು ಮರದ್ದಲ್ಲ, ನೆಲಕ್ಕಂಟಿಕೊಂಡು ಹರಡುವ, ಜರೀಗಿಡದ ಬಳಗದ ಸೆಲಾಜಿನೆಲ್ಲಾ. ಕವಲಿನಿಂದ ಕೂದಲೆಳೆಯಂಥ ಬೇರು ಇಳಿದಿತ್ತು. ಆದರೂ ಎದ್ದು ಹೋಗಿ, “ಮೇಡಂ, ಒಂದನುಮಾನ” ಎಂದ.

ಅವಳು ನೋಡಿದ ಕೂಡಲೇ ಸೆಲಾಜಿನೆಲ್ಲಾ ಎಂದಳು. “ಆದ್ರೆ ತುದೀಲಿ ಕಾಯಿ ಥರ ಇದೆಯಲ್ಲ?” ಎಂದ ಅವನು. ಅಲ್ಲಿಂದ ಶುರುವಾಯಿತು. ಒಂದು ದಿನ ಅವಳು ಪಕ್ಕದಲ್ಲಿ ಕೂತು ಎರಡರ ಎಲೆಗಳನ್ನೂ ಲೆನ್ಸಿನಡಿ ತೋರಿಸಿದಳು. ಸೈಪ್ರೆಸ್ಸಿಗೆ ಒಂದೇ ಅಳತೆಯ ಹುರುಪೆಯಂಥ ಎಲೆ, ಇದಕ್ಕೆ ಎರಡು ಸಾಲು ದೊಡ್ಡವು, ಎರಡು ಸಾಲು ಚಿಕ್ಕವು. ಇನ್ನೊಂದು ದಿನ ಸೈಪ್ರೆಸ್ಸಿನ ಗಟ್ಟಿ ಕಾಯನ್ನು ಮೇಜಿಗೆ ಕುಟ್ಟಿ ಸದ್ದು ಕೇಳಿಸಿದಳು.

“ಅನುಮಾನರಾಯರೇ, ನಿಮಗೆ ಪಾಠ ಹೇಳೋದೂ ಒಂದೇ, ಬಂಡೆಗೆ ನೀರು ಹುಯ್ಯೋದೂ ಒಂದೇ!”

ಅವನು ತಲೆ ತಗ್ಗಿಸಿ ನಗುತ್ತಿದ್ದ. ಸಂಜೆ ಕೋಣೆಯಲ್ಲಿ ಒಬ್ಬನೇ ಕೂತು ನಾಳೆ ಕೇಳಬೇಕಾದ ಪ್ರಶ್ನೆ ಹುಡುಕುತ್ತಿದ್ದ.

ಈಗ ಅವಳು ಬ್ಯಾಗು ಹೆಗಲಿಗೇರಿಸಿಕೊಂಡೇ ಬಂದಳು. ತಿದ್ದುಪಡಿ ಚೀಟಿ ಮೇಜಿನ ಮೇಲಿಟ್ಟಳು.

“ಹಳೇ ಚೀಟಿ ಕೀಳಬೇಡಿ, ಇದನ್ನ ಅದರ ಕೆಳಗೆ ಅಂಟಿಸಿ. ಈಗಲಾದ್ರೂ ಅನುಮಾನ ಹೋಯ್ತಾ?”

“ಇನ್ನೊಂಚೂರು ಇದೆ.”

ಅವಳು ನಗಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಳು. “ಕೇಳಿ. ಕೇಳಿಸ್ಕೊಂಡೇ ಹೋಗ್ತೀನಿ.”

ಗೋಡೆಯ ಫ್ಯಾನು ಒಂದು ಸುತ್ತು ತಿರುಗಿ ಹಾಳೆಗಳನ್ನು ಅಲುಗಿಸಿತು. ಅವನು ಹಾಳೆಯ ಅಂಚನ್ನು ನೇರ ಮಾಡಿದ.

“ಬೀಜ... ಬೀಜದ ವಿಷಯ, ಮೇಡಂ.”

“ಓ, ಅದಾ?” ಅವಳ ಕೈ ಕುರ್ಚಿಯಿಂದ ಜಾರಿತು. “ಸೈಪ್ರೆಸ್ ಬೀಜಾನ ಬಲಿಯೋ ತನಕ ತನ್ನ ಹತ್ರಾನೇ ಇಟ್ಕೊಳ್ಳುತ್ತೆ. ಇದಕ್ಕೆ ಬೀಜಾನೇ ಇಲ್ಲ, ಧೂಳಿನ ಥರ ಕಣ ಉದುರಿಸಿ ಸುಮ್ನಾಗುತ್ತೆ. ಅಷ್ಟೇನಾ?”

“ಅಷ್ಟೇ.”

ಅವಳ ಹೆಜ್ಜೆ ಸದ್ದು ಮೆಟ್ಟಿಲಲ್ಲಿ ಇಳಿಯಿತು. ಅವನು ಚೀಟಿಗೆ ಅಂಟು ಸವರಿ ಒತ್ತಿ ಹಿಡಿದ.

ಮೊದಲ ದಿನವೇ ತನಗೆ ಗೊತ್ತಿತ್ತೆಂದು, ಅವಳು ಪಕ್ಕದಲ್ಲಿ ಬಂದು ಕೂರಲೆಂದೇ ಕೇಳುತ್ತಿದ್ದೆನೆಂದು ಅವನು ಹೇಳಲೇ ಇಲ್ಲ.