ಮೂವತ್ತೊಂದನೇ ಕಂಬ

ಸುಬ್ರಾಯನಿಗೆ ಐವತ್ನಾಲ್ಕನೇ ವಯಸ್ಸಿನಲ್ಲಿ ಕ್ಯಾಮೆರಾ ಕೊಳ್ಳುವ ಯೋಗ ಬಂತು. ಅದೂ ಎಂಥ ಕ್ಯಾಮೆರಾ? ನೀರಿನೊಳಗೆ ಮುಳುಗಿ ಫೋಟೋ ತೆಗೆಯುವಂಥದ್ದು, ಮತ್ತು ಬಡವನ ಕೈಗೆ ಎಟಕುವಂಥದ್ದು. ಇವೆರಡೂ ಒಂದೇ ಡಬ್ಬಿಯಲ್ಲಿ ಸಿಗುವುದಿಲ್ಲ ಎಂದು ತಿಳಿಯಲು ಅವನಿಗೆ ಮೂರು ವಾರ ಹಿಡಿಯಿತು.

ಅವನು ಇಪ್ಪತ್ತೆರಡು ವರ್ಷಗಳಿಂದ ಮದ್ರಾಸಿನ ಮಣಲಿಯ ಆಚೆ, ಒಂದು ಕಂಪನಿಯ ಹಡಗು ನಿಲ್ಲುವ ಜೆಟ್ಟಿಯ ಕೆಳಗೆ ಮುಳುಗುತ್ತಿದ್ದ. ಜೆಟ್ಟಿಗೆ ನಲವತ್ತೆಂಟು ಕಾಂಕ್ರೀಟ್ ಕಂಬಗಳು. ವರ್ಷಕ್ಕೊಮ್ಮೆ ಎಲ್ಲವನ್ನೂ ತಪಾಸಣೆ ಮಾಡಬೇಕು. ತಪಾಸಣೆ ಎಂದರೆ ನೋಡುವುದು ಅಂದುಕೊಳ್ಳಬೇಡಿ. ಅಲ್ಲಿನ ನೀರಿನಲ್ಲಿ ಎರಡಾಳು ಆಳ ಇಳಿದರೆ ಮೂಗಿನ ಮುಂದೆ ಹಿಡಿದ ಸ್ವಂತ ಕೈಯೂ ಕಾಣುವುದಿಲ್ಲ. ಸುಬ್ರಾಯ ಕಂಬವನ್ನು ಎಡಗೈಯಲ್ಲಿ ತಬ್ಬಿ, ಬಲಗೈಯಿಂದ ಚಿಪ್ಪು ಕೆರೆದು, ಬೆರಳಿನಿಂದ ಓದುತ್ತಿದ್ದ. ಉಗುರು ಹೋಗುವ ಬಿರುಕು, ನಾಣ್ಯ ಹೋಗುವ ಬಿರುಕು, ಬೆರಳು ಹೋಗುವ ಬಿರುಕು. ಅವನ ಶಾಸ್ತ್ರದಲ್ಲಿ ಇದ್ದದ್ದು ಮೂರೇ ಜಾತಿ. ಮೇಲೆ ಬಂದು ಅವನು ಹೇಳಿದ್ದನ್ನು ಇಂಜಿನಿಯರುಗಳು ಬರೆದುಕೊಳ್ಳುತ್ತಿದ್ದರು, ಕಂಪನಿ ರಿಪೇರಿ ಮಾಡಿಸುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಯಾರೂ ಕನ್ನಡಿ ಕೇಳಿರಲಿಲ್ಲ.

ಈ ವರ್ಷ ಕೇಳಿದರು. ತಪಾಸಣೆಯ ವರದಿಯೆಲ್ಲ ಕಂಪ್ಯೂಟರಿಗೆ ಹೋಗುತ್ತದೆ, ಪ್ರತಿ ಬಿರುಕಿಗೂ ಫೋಟೋ ಬೇಕು, ಫೋಟೋ ಇಲ್ಲದಿದ್ದರೆ ಬಿರುಕೂ ಇಲ್ಲ ಎಂಬ ನಿಯಮ ಬಂತು. ಕ್ಯಾಮೆರಾ ಮುಳುಗುವವನೇ ತಂದುಕೊಳ್ಳಬೇಕಂತೆ. ನಿಯಮ ಬಂದ ವಾರದಲ್ಲೇ ಸುಬ್ರಾಯನ ಕೈಗೆ ಮೂವತ್ತೊಂದನೇ ಕಂಬದ ಬಿರುಕು ಸಿಕ್ಕಿತು. ನಾಲ್ಕಾಳು ಆಳದಲ್ಲಿ, ಕಂಬದ ಬೆನ್ನಿಗೆ, ಓರೆಯಾಗಿ. ಒಂದಲ್ಲ, ನಾಲ್ಕು ಬೆರಳು ಒಟ್ಟಿಗೆ ಒಳಗೆ ಹೋದವು. ಒಳಗಿನ ಕಬ್ಬಿಣ ಹಳೇ ಬೆಲ್ಲದಂತೆ ಉದುರಿತು. ಇಪ್ಪತ್ತೆರಡು ವರ್ಷದಲ್ಲಿ ಅವನು ಮುಟ್ಟಿದ ಬಿರುಕುಗಳಲ್ಲಿ ಇಷ್ಟು ಕೆಟ್ಟದ್ದು ಇನ್ನೊಂದಿರಲಿಲ್ಲ. ಅವನಿಗೆ ನೀರೊಳಗೇ ಬೆವರಿದಂತಾಯಿತು.

ಏಕೆಂದರೆ ಆ ಕಂಬದ ನೆತ್ತಿಯ ಮೇಲೆ ಪಂಪ್ ರೂಮು ಇತ್ತು, ಪಂಪ್ ರೂಮಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಭೋಜರಾಜ ಇದ್ದ.

ಭೋಜರಾಜ ಸುಬ್ರಾಯನದೇ ಊರಿನ ಕಡೆಯವನು, ಹತ್ತೊಂಬತ್ತು ವರ್ಷ ಅವನ ಹಗ್ಗ ಹಿಡಿದವನು. ಮುಳುಗುವವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಮೇಲೆ ಒಬ್ಬನ ಕೈಯಲ್ಲಿರುತ್ತದೆ. ಒಂದು ಸಲ ಎಳೆದರೆ ಸುಖವಾಗಿದ್ದೇನೆ ಎಂದರ್ಥ, ಎರಡು ಸಲ ಎಳೆದರೆ ಹಗ್ಗ ಸಡಿಲ ಬಿಡು, ನಾಲ್ಕು ಸಲ ಎಳೆದರೆ ನನ್ನನ್ನು ಎತ್ತು. ಒಮ್ಮೆ ಸುಬ್ರಾಯ ಹರಿದ ಮೀನುಬಲೆಗೆ ಸಿಕ್ಕಿಕೊಂಡು ನಾಲ್ಕು ಸಲ ಎಳೆದಾಗ ಭೋಜರಾಜ ಬುತ್ತಿ ಬಿಟ್ಟು, ಬರಿಗೈಯಲ್ಲಿ, ಅಂಗೈ ಚರ್ಮ ಸುಲಿದುಹೋಗುವಂತೆ ಎಳೆದು ಮೇಲೆ ಹಾಕಿದ್ದ. ಮೂರು ವರ್ಷದ ಹಿಂದೆ ಅವನಿಗೆ ಹೃದಯದ ಆಪರೇಷನ್ ಆಯಿತು. ಸುಬ್ರಾಯನೇ ಆಫೀಸಿಗೆ ಅಲೆದು, ಕೈಕಾಲು ಹಿಡಿದು, ಕೂತು ಮಾಡುವ ವಾಚ್‌ಮನ್ ಕೆಲಸ ಕೊಡಿಸಿದ. ಅಂದರೆ ಆ ಕುರ್ಚಿಯಲ್ಲಿ ಅವನನ್ನು ಕೂರಿಸಿದ್ದೂ ಸುಬ್ರಾಯನೇ. ಈಗ ಹಗ್ಗ ಹಿಡಿಯುವುದು ಕಂಟ್ರಾಕ್ಟರ್ ಕಳಿಸುವ ಯಾರೋ ಒಬ್ಬರು, ವಾರಕ್ಕೊಬ್ಬರು, ಇನ್ನೊಂದು ಕೈಯಲ್ಲಿ ಫೋನು.

"ಭೋಜ, ನೀ ಅಲ್ಲಿಂದ ಏಳು ಮಾರಾಯ. ಕಂಬ ಹೋಗಿ ಉಂಟು," ಎಂದ ಸುಬ್ರಾಯ ಅವತ್ತೇ.

"ಎದ್ದು ಎಲ್ಲಿ ಕೂರುದು? ನಿನ್ನ ತಲೆ ಮೇಲೆಯಾ?" ಭೋಜರಾಜ ನಕ್ಕ. "ಈ ಎದೆ ಇಟ್ಕೊಂಡು ನಂಗೆ ಯಾರು ಕೆಲಸ ಕೊಡ್ತಾರೆ? ಆಫೀಸಲ್ಲಿ ಹೇಳು, ರಿಪೇರಿ ಮಾಡ್ತಾರೆ. ಯಾವಾಗ್ಲೂ ಮಾಡ್ತಾರಲ್ಲ."

ಹಾಗಾಗಿ ಕ್ಯಾಮೆರಾ. ವೆಸ್ಟ್ ಮಾಂಬಲಂನಲ್ಲಿ ಸುಬ್ರಾಯನ ಹೆಂಡತಿ ಸರಸ ಮನೆಯ ಕೆಳಗೇ ಒಂದು ಮೆಸ್ ನಡೆಸುತ್ತಿದ್ದಳು. ಆರು ಮೇಜು, ಮಧ್ಯಾಹ್ನ ಊಟ, ಸಂಜೆ ಗೋಳಿಬಜೆ. ಊಟದವರು ಎದ್ದ ಮೇಲೆ ಮಗಳು ಸಮೀಕ್ಷಾ ಲ್ಯಾಪ್‌ಟಾಪ್ ಇಟ್ಟುಕೊಂಡು ಅಪ್ಪನಿಗೆ ಕ್ಯಾಮೆರಾ ತೋರಿಸುತ್ತಿದ್ದಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಮಗಳು ತಮಿಳಿನಲ್ಲಿ ಉತ್ತರ ಕೊಡುವುದು ಆ ಮನೆಯ ಪದ್ಧತಿ.

"ಅಪ್ಪಾ, ಇದು ಸೂಪರ್ ಪಾ. ಲೋ ಲೈಟ್‌ಲ ಕೂಡ ನಲ್ಲಾ ವರುಂ. ಆನಾ ರೇಟ್ ರೊಂಬ ಜಾಸ್ತಿ."

ಮಬ್ಬು ಬೆಳಕಿನಲ್ಲೂ ಫೋಟೋ ಚೆನ್ನಾಗಿ ಬರುತ್ತದಂತೆ, ಆದರೆ ರೇಟು ಎಪ್ಪತ್ತೈದು ಸಾವಿರ. ಅದಕ್ಕೆ ಹಾಕುವ ನೀರು ತಡೆಯುವ ಗೂಡಿಗೆ ಬೇರೆ, ಬೆಳಕಿಗೆ ಬೇರೆ. ಸುಬ್ರಾಯ ಪರದೆಯ ಮೇಲಿನ ಫೋಟೋಗಳನ್ನು ನೋಡಿದ. ಎಲ್ಲವೂ ಅಂಡಮಾನಿನವು. ನೀಲಿ ನೀರು, ಹಳದಿ ಮೀನು, ಹೆಬ್ಬೆರಳು ಎತ್ತಿ ತೋರಿಸುವ ನವದಂಪತಿ. ಈ ಮೀನುಗಳನ್ನು ತಂದು ನನ್ನ ಜೆಟ್ಟಿಯ ಕೆಳಗೆ ಬಿಟ್ಟರೆ ಒಂದು ತಾಸು ಬದುಕಲಿಕ್ಕಿಲ್ಲ ಎಂದುಕೊಂಡ.

"ಕಪ್ಪು ನೀರಲ್ಲಿ ತೆಗೆದದ್ದು ಒಂದಾದ್ರೂ ಉಂಟಾ ನೋಡು," ಎಂದ.

ಸಮೀಕ್ಷಾ ಹುಡುಕಿದಳು. ಕಪ್ಪು ನೀರಿನಲ್ಲಿ ಯಾರು ಪ್ರವಾಸ ಹೋಗುತ್ತಾರೆ? ಒಂದೂ ಇರಲಿಲ್ಲ. ಕೊನೆಗೆ ರಿಚಿ ಸ್ಟ್ರೀಟಿನಲ್ಲಿ ಹದಿಮೂರೂವರೆ ಸಾವಿರಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕ್ಯಾಮೆರಾ ಕೊಂಡರು. ಪ್ಲಾಸ್ಟಿಕ್ ಗೂಡು, ಅದರ ಹಣೆಗೆ ಅಂಟಿಸಿದ ಒಂದು ದೀಪ, ಮೂವತ್ತು ಮೀಟರ್ ಆಳದವರೆಗೆ ಗ್ಯಾರಂಟಿ. ಅಂಗಡಿಯವನು ಬಕೆಟ್ ನೀರಿನಲ್ಲಿ ಮುಳುಗಿಸಿ ತೋರಿಸಿದ. ಬಕೆಟ್ಟಿನ ತಳದಲ್ಲಿ ಒತ್ತಿದ್ದ ಸಣ್ಣ ಅಕ್ಷರವೂ ಫೋಟೋದಲ್ಲಿ ಓದಲು ಬಂತು. ಸುಬ್ರಾಯನಿಗೆ ಖುಷಿಯಾಯಿತು, ಪಾಪ.

ಮಾರನೆಯ ದಿನ ಅದೇ ಕ್ಯಾಮೆರಾ ಮೂವತ್ತೊಂದನೇ ಕಂಬದ ಹತ್ತಿರ ತೆಗೆದದ್ದು ಐವತ್ತು ಫೋಟೋ. ದೀಪ ಹಾಕದೆ ತೆಗೆದವು ಮಸಿ. ದೀಪ ಹಾಕಿ ತೆಗೆದವು ಇನ್ನೂ ಚೆನ್ನ: ನೀರಿನ ಕೆಸರೆಲ್ಲ ಬೆಳಗಿ ಮುಖಕ್ಕೆ ರವೆ ಎರಚಿದಂತೆ ಕಂಡಿತು. ಸಮೀಕ್ಷಾ ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, "ವೇಸ್ಟ್ ಪಾ," ಎಂದಳು. ಎಪ್ಪತ್ತೈದು ಸಾವಿರದ್ದಾದರೆ? ಅವಳು ತನಗೆ ಗೊತ್ತಿದ್ದವರನ್ನೆಲ್ಲ ಕೇಳಿದಳು. ಲಕ್ಷದ ಕ್ಯಾಮೆರಾ ತಂದರೂ ಇಷ್ಟೇ, ನೀರೇ ಗೋಡೆಯಾದ ಮೇಲೆ ಕ್ಯಾಮೆರಾ ಏನು ಮಾಡುತ್ತದೆ ಎಂದರು ಅವರು. ಸುಬ್ರಾಯ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಉಪಾಯ ಹೊಳೆದದ್ದು ಸಾಂಬಾರಿನಿಂದ. ಸರಸ ಮೆಸ್ಸಿನ ಅಟ್ಟ ಗುಡಿಸುತ್ತಿದ್ದಾಗ ಹಳೆಯ ಪಾರ್ಸೆಲ್ ತೊಟ್ಟೆಗಳ ಒಂದು ಕಟ್ಟು ಸಿಕ್ಕಿತು. ಸರ್ಕಾರ ನಿಷೇಧಿಸುವ ಮುಂಚೆ ಸಾಂಬಾರು ಕಟ್ಟುತ್ತಿದ್ದ ತೆಳು ಪ್ಲಾಸ್ಟಿಕ್ ತೊಟ್ಟೆಗಳು. ಅವಳು ಬಿಸಾಡಲು ಹೊರಟಳು. ಸುಬ್ರಾಯ ಕೈಯಿಂದ ಕಿತ್ತುಕೊಂಡ. ಒಂದು ತೊಟ್ಟೆಗೆ ಕ್ಯಾನ್ ನೀರು ತುಂಬಿ, ಹೆಂಡತಿಯ ಕೈಯಲ್ಲೇ ಬಿಗಿಯಾಗಿ ಕಟ್ಟಿಸಿದ. ಅದನ್ನು ಗೋಡೆಗೆ ಒತ್ತಿ ಹಿಡಿದು ಈಚೆ ಬದಿಗೆ ಕಣ್ಣಿಟ್ಟ. ಗೋಡೆ ಸ್ಪಷ್ಟವಾಗಿ ಕಂಡಿತು.

"ಎಂತ ಮಾಡ್ತಿದ್ದೀರಿ ನೀವು?" ಎಂದಳು ಸರಸ.

"ಕಂಬಕ್ಕೆ ಒಳ್ಳೆ ನೀರು ತಕೊಂಡು ಹೋಗ್ತೇನೆ," ಎಂದ ಸುಬ್ರಾಯ.

ಲೆಕ್ಕ ಸರಿಯಿತ್ತು. ಕಂಬಕ್ಕೂ ಕ್ಯಾಮೆರಾಕ್ಕೂ ನಡುವೆ ಕೊಳಕು ನೀರಿಗೆ ಜಾಗವೇ ಇಲ್ಲದಂತೆ ಒಳ್ಳೆ ನೀರಿನ ತೊಟ್ಟೆ ಒತ್ತಿಬಿಟ್ಟರೆ ಆಯಿತು. ಹೆಂಡತಿಯ ಒಗ್ಗರಣೆ ಡಬ್ಬಿಯ ಮುಚ್ಚಳದ ಮೇಲೆ ಪೇಂಟಿನಿಂದ ೩೧ ಎಂದು ಬರೆದು ಅದನ್ನೂ ಒಯ್ದ. ಎರಡು ತೊಟ್ಟೆ ಚಿಪ್ಪಿಗೆ ತಾಗಿ ಒಡೆದವು. ಮೂರನೆಯದು ನಿಂತಿತು. ಮೊಣಕಾಲಿನಲ್ಲಿ ಕಂಬ ಹಿಡಿದು, ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಕ್ಯಾಮೆರಾ, ಎದೆಯಿಂದ ತೊಟ್ಟೆ ಒತ್ತಿಕೊಂಡು ಗುಂಡಿ ಅದುಮಿದ. ಮೇಲೆ ಬಂದು ನೋಡಿದರೆ ಫೋಟೋದಲ್ಲಿ ಬಿರುಕು ಬಾಯಿ ತೆರೆದುಕೊಂಡು ಕೂತಿತ್ತು, ಒಳಗೆ ಕೆಂಪು ತುಕ್ಕು, ಪಕ್ಕದಲ್ಲಿ ೩೧. ಇಪ್ಪತ್ತೆರಡು ವರ್ಷ ಬೆರಳಿಗೆ ಮಾತ್ರ ಗೊತ್ತಿದ್ದದ್ದನ್ನು ಅವನು ಮೊದಲ ಸಲ ಕಣ್ಣಿನಿಂದ ನೋಡಿದ. ಪಂಪ್ ರೂಮಿಗೆ ಓಡಿ ಹೋಗಿ ಭೋಜರಾಜನಿಗೆ ತೋರಿಸಿದ. ಭೋಜರಾಜ ಕನ್ನಡಕ ಹಾಕಿ ಬಹಳ ಹೊತ್ತು ನೋಡಿದ. "ಇದು ನನ್ನ ಅಡಿಗೆ ಇರುದಾ?" ಎಂದು ಕೇಳಿ ಕುರ್ಚಿಯನ್ನು ಒಂದು ಗೇಣು ಗೋಡೆಯ ಕಡೆ ಸರಿಸಿಕೊಂಡ.

ಕಂಪನಿಯ ಆಫೀಸು ಪೆರುಂಗುಡಿಯಲ್ಲಿತ್ತು. ವರದಿ ನೋಡುವ ಇಂಜಿನಿಯರ್ ಸುಘೋಷ, ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮಾಧ್ವರ ಮನೆಯವನು. ಹಣೆಯಲ್ಲಿ ಸಣ್ಣ ಅಕ್ಷತೆ, ಕೊರಳಲ್ಲಿ ಐಡಿ ಕಾರ್ಡು, ಒಳ್ಳೆಯ ಮನುಷ್ಯ. ಅವನು ಫೋಟೋ ನೋಡಿ ಬೆಚ್ಚಿದ್ದು ನಿಜ.

"ಫೋಟೋ ರೊಂಬ ಚೆನ್ನಾಗಿದೆ ಸಾರ್. ಆನಾ ಒಂದು ಪ್ರಾಬ್ಲಮ್ ಇದೆ. ಇದು ಅಂಗೈ ಅಗಲ ಇದೆ, ಅಷ್ಟೇ. ಇದು ಯಾವ ಕಂಬ ಅಂತ ಹೆಂಗೆ ಹೇಳೋದು?"

"ಮೂವತ್ತೊಂದು ಅಂತ ಬರ್ದದ್ದು ಉಂಟಲ್ಲ."

"ಅದು ನೀವು ಹಿಡ್ಕೊಂಡಿರೋ ಮುಚ್ಚಳ ಸಾರ್. ಅದನ್ನ ಯಾವ ಕಂಬದ ಮುಂದೆ ಬೇಕಾದ್ರೂ ಹಿಡೀಬಹುದಲ್ವಾ? ಬೇರೆ ಜೆಟ್ಟಿಲಿ ಕೂಡ ಹಿಡೀಬಹುದು. ಕಂಬದ ಮೇಲೆ ಪೇಂಟ್ ಮಾಡಿರೋ ನಂಬರೂ ಬಿರುಕೂ ಒಂದೇ ಫ್ರೇಮಲ್ಲಿ ಬರ್ಬೇಕು. ರೂಲ್ ಹಂಗಿದೆ."

ಕಂಬದ ನಂಬರು ನೀರಿನ ಮೇಲೆ, ಗಾಳಿಯಲ್ಲಿತ್ತು. ಬಿರುಕು ನಾಲ್ಕಾಳು ಕೆಳಗಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಪ್ರಮಾಣಕ್ಕೊಂದು ಪ್ರಮಾಣ, ಅದಕ್ಕೊಂದು ಪ್ರಮಾಣ ಎಂದು ಕೇಳುತ್ತ ಹೋದರೆ ಏನು ಮಾಡಬೇಕು ಎಂದು ಅವರು ಹೇಳಿ ಹೋಗಿಲ್ಲ.

"ಅಂದ್ರೆ, ಫೋಟೋ ಉಂಟು. ಆದ್ರೂ ನೀವು ನನ್ನನ್ನ ನಂಬಬೇಕು," ಎಂದ ಸುಬ್ರಾಯ ನಿಧಾನವಾಗಿ.

"ನಾನು ನಂಬ್ತೀನಿ ಸಾರ್," ಎಂದ ಸುಘೋಷ. ಅವನ ದನಿಯಲ್ಲಿ ಕಪಟವಿರಲಿಲ್ಲ. "ಸಿಸ್ಟಮ್ ನಂಬಲ್ಲ."

"ನೀವೊಂದು ಸಲ ಬನ್ನಿ. ಹಗ್ಗ ಕಟ್ಟಿ ನಾನೇ ಇಳಿಸ್ತೇನೆ. ಕೈ ಹಾಕಿ ನೋಡಿ."

"ನನಗೆ ಈಜೇ ಬರಲ್ಲ ಸಾರ್. ಮೇಲಿನೋರಿಗೂ ಹೇಳಿ ನೋಡಿದೆ. ಬೇರೆ ಜೆಟ್ಟಿಲಿ ಯಾರೋ ಫೋಟೋ ಕದ್ದು ಹಾಕಿ ಬಿಲ್ ಮಾಡಿದ್ರಂತೆ, ಅದಕ್ಕೇ ಈ ರೂಲು."

ಸುಘೋಷ ಪರದೆಯನ್ನು ಅವನ ಕಡೆಗೆ ತಿರುಗಿಸಿದ. ಎಂಟನೇ ಕಂಬ ಮತ್ತು ಹನ್ನೆರಡನೇ ಕಂಬದ ಬಿರುಕುಗಳು ನೀರಿನ ಮಟ್ಟದಲ್ಲೇ ಇದ್ದವು. ನಂಬರೂ ಬಿರುಕೂ ಒಂದೇ ಫೋಟೋದಲ್ಲಿ ಬಂದಿದ್ದವು. ಅವಕ್ಕೆ ರಿಪೇರಿ ಮಂಜೂರಾಗಿತ್ತು. ಅವೆರಡೂ ಉಗುರು ಹೋಗುವ ಬಿರುಕುಗಳು. ಮೂವತ್ತೊಂದರ ಎದುರು ಕಂಪ್ಯೂಟರು ತಾನಾಗಿಯೇ ಬರೆದುಕೊಂಡಿತ್ತು: ದೋಷ ಕಂಡುಬಂದಿಲ್ಲ. ಅದನ್ನು ಅಳಿಸಲು ಸುಘೋಷನಿಗೆ ಅಧಿಕಾರವಿರಲಿಲ್ಲ. ಈ ವರದಿಗೆ ಸುಬ್ರಾಯ ಸಹಿ ಮಾಡದಿದ್ದರೆ ನಲವತ್ತೆಂಟೂ ತಿರಸ್ಕೃತವಾಗುತ್ತವೆ, ಎಂಟು ಹನ್ನೆರಡರ ರಿಪೇರಿಯೂ ನಿಲ್ಲುತ್ತದೆ, ಮುಂದಿನ ಸಲ ಇನ್ನೊಬ್ಬ ಬರುತ್ತಾನೆ. ಆ ಇನ್ನೊಬ್ಬ ಅಷ್ಟು ಆಳಕ್ಕೆ ಇಳಿಯುತ್ತಾನೋ ಇಲ್ಲವೋ, ಯಾರಿಗೆ ಗೊತ್ತು?

ಸುಬ್ರಾಯ ಮೂವತ್ತೊಂದರ ಸಾಲನ್ನು ಇನ್ನೊಮ್ಮೆ ಓದಿದ. ಎ.ಸಿ. ಚಳಿಗೆ ಕೈ ಮರಗಟ್ಟಿತು. ಕೊನೆಗೆ ಸಹಿ ಮಾಡಿದ. ನಾಲ್ಕು ಬೆರಳು ಬಿರುಕಿನೊಳಗೆ ಇಟ್ಟಿದ್ದ ಕೈಯಲ್ಲೇ ಮಾಡಿದ. ಸಹಿಯ ಕೆಳಗೆ ಮೊದಲೆಲ್ಲ ಡೈವರ್ ಎಂದು ಇರುತ್ತಿತ್ತು. ಈಗ ಕ್ಯಾಮೆರಾ ಆಪರೇಟರ್ ಎಂದು ಅಚ್ಚಾಗಿತ್ತು. ಅವನಿಗೆ ಅಳು ಬಂತು, ಆದರೆ ಹುಡುಗನ ಮುಂದೆ ಅಳುವುದು ಹೇಗೆಂದು ಸುಮ್ಮನೆ ಎದ್ದ.

"ಮುಂದಿನ ವರ್ಷ ಇನ್ನೂ ಒಳ್ಳೆ ಕ್ಯಾಮೆರಾ ನೋಡಿ ಸಾರ್," ಎಂದ ಸುಘೋಷ, ಲಿಫ್ಟಿನವರೆಗೆ ಬಂದು.

ಎರಡು ಬಸ್ಸು ಬದಲಿಸಿ ಸುಬ್ರಾಯ ಜೆಟ್ಟಿಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಭೋಜರಾಜ ಅದೇ ಕುರ್ಚಿಯಲ್ಲಿ ಕೂತಿದ್ದ. ಗೆಳೆಯನನ್ನು ಕಂಡು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಅಷ್ಟರಲ್ಲಿ ಪಂಪು ಶುರುವಾಯಿತು. ನೆಲ ಅದುರಿತು, ಮುಚ್ಚಳದೊಳಗಿನ ಚಹಾ ಅಂಚಿನಿಂದ ತುಳುಕಿತು. ಪಂಪು ಶುರುವಾದಾಗ ನೆಲ ಯಾವಾಗಲೂ ಅದುರುತ್ತದೆ ಎಂದು ಸುಬ್ರಾಯನಿಗೆ ಗೊತ್ತಿತ್ತು. ಆದರೂ ಅವನ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು.

"ಎಂತಾಯ್ತು? ಫೋಟೋ ನೋಡಿ ಎಂತ ಹೇಳಿದ್ರು?" ಭೋಜರಾಜ ಪಂಪಿನ ಸದ್ದಿನ ಮೇಲೆ ಕೂಗಿದ.

ಸುಬ್ರಾಯ ಚಹಾದ ಮುಚ್ಚಳ ಕೈಗೆತ್ತಿಕೊಂಡ. ಭೋಜರಾಜ ಅವನ ಮುಖವನ್ನೇ ನೋಡುತ್ತಿದ್ದ. ಅವನ ಎರಡೂ ಕೈ ತೊಡೆಯ ಮೇಲೆ ಅಂಗಾತ ಇದ್ದವು. ಹಗ್ಗ ಸುಲಿದ ಹಳೆಯ ಕಲೆ ಎರಡು ಅಂಗೈಗಳಲ್ಲೂ ಹಾಗೇ ಇತ್ತು.

"ನಾಲ್ಕು ಸಲ ಎಳ್ದೆ ಮಾರಾಯ," ಎಂದ ಸುಬ್ರಾಯ. "ಮೇಲೆ ಯಾರೂ ಇರ್ಲಿಲ್ಲ."