ಕ್ಯಾಪ್ಟನ್ ಬೆನ್ನು ತಿರುಗಿಸಿದ ಮೇಲೆ

"ಸರ್, ಬರೀ ಗಾಳಿ ಬರ್ತಾ ಇದೆ," ಗಾಜಿನ ಆಚೆಯಿಂದ ಸೌಂಡ್ ಇಂಜಿನಿಯರ್ ಅನೀಶ್ ಹೇಳಿದ.

ಏಕನಾಥ ಬಿಸಿನೀರು ಗುಟುಕರಿಸಿ ಮತ್ತೆ ಮೈಕಿನ ಮುಂದೆ ನಿಂತ. ಪರದೆಯ ಮೇಲೆ ಒಕ್ಕಣ್ಣಿನ ಕ್ಯಾಪ್ಟನ್ ಹುಡುಗನ ಭುಜ ಹಿಡಿದು ತುಟಿ ಅಲ್ಲಾಡಿಸುತ್ತಿದ್ದ. ತಲೆಮಾರುಗಳಿಂದ ಮಕ್ಕಳು ಓದಿಕೊಂಡು ಬಂದ ಕಡಲ್ಗಳ್ಳರ ಕಾದಂಬರಿ ಈಗ ಮನೆಮಂದಿಯೆಲ್ಲ ನೋಡುವ ಸಿನಿಮಾ ಆಗಿತ್ತು. ಅದರ ಕನ್ನಡ ಡಬ್ಬಿಂಗ್ ದೆಹಲಿ ಪಕ್ಕದ ನೋಯ್ಡಾದ ಈ ನೆಲಮಾಳಿಗೆಯಲ್ಲಿ ನಡೆದಿತ್ತು. ಏಕನಾಥನ ಒರಟು ದನಿ ಕ್ಯಾಪ್ಟನ್ನಿಗೆ ಹೇಳಿ ಮಾಡಿಸಿದಂತಿದೆ ಎಂದು ಎಲ್ಲರೂ ಹೊಗಳಿದ್ದರು. ಆ ಒರಟುತನ ಕ್ಯಾನ್ಸರಿನದೆಂದು ಅವನು ಬಾಯಿಬಿಟ್ಟಿರಲಿಲ್ಲ. ಸೋಮವಾರ ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು.

ಮಗಳಿಗಾಗಿ ಫೋನಿನಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿಡಿ ಎಂದು ಹೆಂಡತಿ ಜಲಜಾ ಗೋಗರೆದಿದ್ದಳು. ಫೋನ್ ಎತ್ತಿದಾಗಲೆಲ್ಲ ಅಳುವೇ ಬರುತ್ತಿತ್ತು. ಮುಂದೆ ನಿಹಾರಿಕಾಗೆ ಅಪ್ಪನ ದನಿ ಕೇಳಬೇಕೆನಿಸಿದರೆ ರೋಗಿಯ ಗೋಳು ಕೇಳಬಾರದು, ಕಡಲ್ಗಳ್ಳನ ಅಬ್ಬರ ಕೇಳಬೇಕು ಎಂಬುದು ಅವನ ಹಟ.

ಗಂಟಲು ಕೆಟ್ಟರೂ ಕೆಲಸ ಕೆಡದಿರಲೆಂದು ಕೂಗಾಟದ ದೃಶ್ಯಗಳನ್ನು ಕೊನೆಗಿಡುವುದು ಡಬ್ಬಿಂಗಿನ ರೂಢಿ. ನಿನ್ನೆ ಮೊನ್ನೆ ಬಂದವರಿಗೂ ಈ ಬುದ್ಧಿ ಇರುತ್ತದೆ. ಆದರೆ ಮೈಯಲ್ಲಿ ಕಸುವಿರುವಾಗಲೇ ಅಬ್ಬರಿಸಿಬಿಡೋಣವೆಂದು ಏಕನಾಥ ಬೆಳಿಗ್ಗೆಯೇ ಹಡಗಿನ ಕಾದಾಟವನ್ನೆಲ್ಲ ಮುಗಿಸಿದ್ದ. ಈಗ ಉಳಿದದ್ದು ವಿದಾಯದ ಒಂದೇ ಮಾತು, ಅದಕ್ಕೆ ದನಿಯಿಲ್ಲ. ಎಂಥ ಪೆದ್ದ ನಾನು ಎಂದು ತನ್ನನ್ನೇ ಶಪಿಸಿಕೊಂಡ.

"ಸೋಮವಾರ ಬನ್ನಿ ಸರ್. ರೆಸ್ಟ್ ತಗೊಳ್ಳಿ."

"ಸೋಮವಾರ ಆಗಲ್ಲಪ್ಪ."

"ಹಾಗಿದ್ರೆ ಬೇರೆಯವರನ್ನ ಕರೆಸ್ಬೇಕು. ಒಂದು ಪಾತ್ರಕ್ಕೆ ಎರಡು ದನಿ ನಡೆಯಲ್ಲ, ನಿಮಗೇ ಗೊತ್ತು. ನಿಮ್ಮದೆಲ್ಲಾ ಅಳಿಸ್ಬೇಕಾಗುತ್ತೆ."

ಏಕನಾಥ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆಪರೇಷನ್ನಿನ ವಿಷಯವನ್ನೆಲ್ಲ ಪಿಸುಗುಟ್ಟಿಬಿಟ್ಟ. "ಇದೊಂದೇ ಉಳಿಯೋದು ಅನೀಶ್. ಅಳಿಸ್ಬೇಡ. ನಿನ್ನ ಕಾಲು ಹಿಡೀತೀನಿ."

ಅನೀಶ್ ದೃಶ್ಯವನ್ನು ಮತ್ತೆ ಮೊದಲಿಗೆ ತಂದಿಟ್ಟ. ಆಮೇಲೆ ಹೇಳಿದ: "ಮೈಕಿಗೆ ಹತ್ತಿರ ಬನ್ನಿ ಸರ್. ಜೋರು ಬೇಡ. ಅಲ್ಲೇ ಕೂತಿರೋರಿಗೆ ಹೇಳೋ ಹಾಗೆ ಹೇಳಿ."

ಕ್ಯಾಪ್ಟನ್ನಿನ ತುಟಿ ಬಿಚ್ಚಿತು.

"ನಾನಿನ್ನು ಬರೋದಿಲ್ಲ, ಮಗೂ."

ಬಂತು. ಹರಿದ ದನಿ, ಆದರೆ ದನಿ. ಕ್ಯಾಪ್ಟನ್ ಬೆನ್ನು ತಿರುಗಿಸಿ ದೋಣಿ ಹತ್ತಿದ. ಮುಖ ಕಾಣದ ಕಡೆ ಏನು ಹೇಳಿದರೂ ತುಟಿಗೂ ಮಾತಿಗೂ ತಾಳ ತಪ್ಪುವ ಭಯವಿಲ್ಲ. ಏಕನಾಥ ನಿಲ್ಲಿಸಲಿಲ್ಲ.

"ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ್ನ ಕಾಡಿಸ್ಬೇಡ."

ಅನೀಶನ ಕೈಯಲ್ಲಿದ್ದ ಹಾಳೆಯಲ್ಲಿ ಆ ಮಾತುಗಳಿರಲಿಲ್ಲ. ದೋಣಿ ಮರೆಯಾಗುವವರೆಗೂ ಅವನು ರೆಕಾರ್ಡಿಂಗ್ ನಿಲ್ಲಿಸಲಿಲ್ಲ.

ಹೊರಗೆ ಸೋಫಾದ ಮೇಲೆ ಕಾಲಾಡಿಸುತ್ತ ಕೂತಿದ್ದ ನಿಹಾರಿಕಾ ಎದ್ದು ಓಡಿಬಂದಳು. "ಅಪ್ಪಾ, ಹೋ ಗಯಾ? ಪೈರೇಟ್ ವಾಯ್ಸಲ್ಲಿ ಒಂದ್ಸಲ ನನ್ನ ಹೆಸ್ರು ಹೇಳು ನಾ, ಪ್ಲೀಸ್!"

ಏಕನಾಥ ಬಾಯಿ ತೆರೆದ. ಏನೂ ಬರಲಿಲ್ಲ. ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ಅವಳತ್ತ ಗುರಾಯಿಸಿದ.

ಅವಳು ಕಿಲಕಿಲ ನಕ್ಕು ತಾನೂ ಒಂದು ಕಣ್ಣು ಮುಚ್ಚಿಕೊಂಡಳು. ಇನ್ನೊಂದು ಕೈಯಲ್ಲಿ ಅವನ ಅಂಗಿ ಹಿಡಿದು, ತಡವರಿಸುತ್ತ ಮೆಟ್ಟಿಲು ಹತ್ತತೊಡಗಿದಳು.