ಬಾಳೆಜಡ್ಡಿಯ ಹೊಗೆಯಾಸುರ

ಬಾಳೆಜಡ್ಡಿಯ ನಾಗಪತಿ ಹೆಗಡೆಯವರಿಗೆ ಬಾಯಿ ಮುಚ್ಚಿಕೊಂಡು ಕೂರುವುದೊಂದು ಬಿಟ್ಟು ಮಿಕ್ಕ ಎಲ್ಲ ವಿದ್ಯೆಯೂ ಬರುತ್ತಿತ್ತು. ಅವರು ತಾಳಮದ್ದಳೆಯ ಅರ್ಥಧಾರಿಗಳು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳಿದ ಮೇಲೆ ಶಾಲು ಹೊದ್ದು ಎದುರುಬದುರು ಕೂತು, ತನ್ನ ಪಾಲಿಗೆ ಬಂದ ಪಾತ್ರದ ಪರವಾಗಿ ವಾದ ಮಾಡುವ ಕಲೆ ಅದು. ಸಿದ್ದಾಪುರ ಸೀಮೆಯಲ್ಲಿ ರಾಕ್ಷಸನ ಪಾತ್ರವೆಂದರೆ ಹೆಗಡೆಯವರಿಗೇ ಹೇಳಿ ಕಳಿಸುತ್ತಿದ್ದರು. ರಾಕ್ಷಸ ಕೊನೆಗೆ ಸಾಯಬೇಕೆಂಬುದು ಕಥೆಯಲ್ಲೇ ಇದೆ, ಅದನ್ನು ಅವರೂ ಒಪ್ಪುತ್ತಿದ್ದರು. ಆದರೆ ಎದುರಿನವ ಒಂದು ಸರಿಯಾದ ಮಾತು ಆಡುವ ತನಕ ಸಾಯುತ್ತಿರಲಿಲ್ಲ. ಒಮ್ಮೆ ಯಲ್ಲಾಪುರದ ಕಡೆ, ದೇವರ ಪಾತ್ರ ವಹಿಸಿದ್ದ ಮಾಸ್ತರರು ಎಷ್ಟು ಬಗೆಯಲ್ಲಿ ಕೊಂದರೂ ಇವರು ಸಾಯಲೊಪ್ಪದೆ, ಬೆಳಗಿನ ಬಸ್ಸು ಬಂದುಬಿಟ್ಟದ್ದರಿಂದ ರಾಕ್ಷಸನನ್ನು ಜೀವಂತ ಬಿಟ್ಟು ಜನವೆಲ್ಲ ಎದ್ದುಹೋಗಿತ್ತು.

ಇಂಥವರು ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ಒಂದು ವಾರ ಮೂಕನಂತಿರುತ್ತೇನೆಂದು ಊರಿಗೆ ಮಾತು ಕೊಟ್ಟರು. ಕಾರಣ, ಒಂದು ಸಂಕ.

ಬಾಳೆಜಡ್ಡಿ ಹಳ್ಳದ ಈ ದಡದಲ್ಲಿ, ಬಸ್ಸು ನಿಲ್ಲುವ ರಸ್ತೆ ಆ ದಡದಲ್ಲಿ. ನಡುವೆ ಅಡಿಕೆ ಮರ ಸೀಳಿದ ದಬ್ಬೆ ಕಟ್ಟಿದ ಸಂಕ, ಅಂದರೆ ಕಾಲುಸೇತುವೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹಳ್ಳ ಅದನ್ನು ಎತ್ತಿಕೊಂಡು ಹೋಗುತ್ತಿತ್ತು, ಆಮೇಲೆ ಊರು ದ್ವೀಪ. ಕಳೆದ ಮಳೆಗಾಲದಲ್ಲಿ ಕೆರಿಯಪ್ಪ ನಾಯ್ಕನ ಸೊಸೆ ಮಂಜಿಯನ್ನು ಹೆರಿಗೆಗೆಂದು ಕುರ್ಚಿಯಲ್ಲಿ ಹೊತ್ತು ತಂದವರು ಹಳ್ಳ ದಾಟಲಾರದೆ ನಿಂತರು. ಮಗು ಯಾರಿಗೂ ಕಾಯದೆ ಕಂಬಳಿಕೊಪ್ಪೆಯ ಮರೆಯಲ್ಲಿ ದಡದ ಮೇಲೆಯೇ ಹುಟ್ಟಿತು. ತಾಯಿ ಮಗು ಇಬ್ಬರೂ ಗಟ್ಟಿಯಾಗಿ ಉಳಿದರು. ಆದರೆ ಕುರ್ಚಿಯ ಒಂದು ಕಾಲು ಹಿಡಿದಿದ್ದ ಹೆಗಡೆಯವರಿಗೆ ಆ ದಿನದಿಂದ ಹಳ್ಳದ ಸದ್ದು ಕೇಳಿದರೆ ಊಟ ಸೇರುತ್ತಿರಲಿಲ್ಲ.

ಶಿರಸಿಯ ಹೋಟೆಲೊಂದರಲ್ಲಿ ಅವರಿಗೆ ಹುಬ್ಬಳ್ಳಿ ಕಡೆಯ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರರೊಬ್ಬರು ಸಿಕ್ಕಿದರು. ವಿದ್ಯಾರ್ಥಿಗಳ ಸೇವಾ ಶಿಬಿರಕ್ಕೆ ಹಳ್ಳಿ ಹುಡುಕಿ ಹುಡುಕಿ ಸೋತು ಕೂತಿದ್ದರು ಪಾಪ.

"ಹುಲೇಕಲ್ ಕಡೆ ಹೋದ್ರ ಪಾಯಖಾನಿ ಐತಿ ಅಂತಾರ, ಬನವಾಸಿ ಕಡೆ ಹೋದ್ರ ಲಸಿಕಿ ಹಾಕ್ಸೇವಿ ಅಂತಾರ. ನಮ್ಮ ಹುಡುಗ್ರು ಅರಿವು ಮೂಡಿಸೂದಾದ್ರೂ ಯಾರಿಗೆ ರೀ? ಒಂದು ಅಜ್ಞಾನದ ಊರು ತೋರಿಸ್ರಿ ಹೆಗಡೇರ, ಸಿಮೆಂಟು ನಾ ಕೊಡಸ್ತೀನಿ."

ಸಿಮೆಂಟು ಎಂಬ ಶಬ್ದ ಕಿವಿಗೆ ಬಿದ್ದದ್ದೇ ಹೆಗಡೆಯವರ ಬಾಯಿಂದ, "ನಮ್ಮೂರಷ್ಟು ಅಜ್ಞಾನ ಈ ಜಿಲ್ಲೆಯಲ್ಲೇ ಇಲ್ಲ ಸಾರ್. ಗೋಬರ್ ಗ್ಯಾಸ್ ಅಂದರೆ ಸಿನಿಮಾ ಹೆಸರಾ ಅಂತ ಕೇಳುವ ಜನ" ಎಂಬ ಮಾತು ಹೊರಬಿದ್ದುಹೋಯಿತು. ಪ್ರೊಫೆಸರರು ಕುರ್ಚಿಯಿಂದೆದ್ದು ಅವರ ಕೈ ಹಿಡಿದುಕೊಂಡರು. ಅಲ್ಲೇ ಒಪ್ಪಂದವಾಯಿತು: ಒಂದು ವಾರದ ಶಿಬಿರದಲ್ಲಿ ಸಂಕದ ಕಂಬ ಎಬ್ಬಿಸುವುದು. ಕೊನೆಯ ದಿನ ಪ್ರಿನ್ಸಿಪಾಲರು ಬಂದು ಜಾಗೃತಿ ಕಂಡು ಮೆಚ್ಚಿದರೆ ಮೇಲಿನ ಸ್ಲ್ಯಾಬಿಗೂ ಮಂಜೂರಿ. ಮೆಚ್ಚದಿದ್ದರೆ ಕಂಬಗಳನ್ನು ನೋಡಿಕೊಂಡು ಕೂರುವುದು.

ಬಾಳೆಜಡ್ಡಿಯಲ್ಲಿ ಗೋಬರ್ ಗ್ಯಾಸ್ ಇಲ್ಲದ ಮನೆಯೇ ಇರಲಿಲ್ಲ.

ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಒಂದು ವಾರ ಎಲ್ಲರೂ ಕಟ್ಟಿಗೆ ಒಲೆ ಹಚ್ಚುವುದು, ಗ್ಯಾಸಿನ ಡ್ರಮ್ಮುಗಳನ್ನು ಸೊಪ್ಪಿನಲ್ಲಿ ಮುಚ್ಚುವುದು, ಏನು ಕೇಳಿದರೂ "ಹೌದಾ?" ಎನ್ನುವುದು ಎಂದು ತೀರ್ಮಾನವಾಯಿತು.

ಕೆರಿಯಪ್ಪ ತಲೆ ಕೆರೆದುಕೊಂಡ. "ಒಲೆ ಹಚ್ಬೌದು, ಸೊಪ್ಪು ಮುಚ್ಬೌದು. ಹೆಗ್ಡೇರ ಬಾಯಿಗೆ ಎಂತ ಮುಚ್ಚೂದು?"

ಸಭೆಯೆಲ್ಲ ನಕ್ಕಿತು. ಹೆಗಡೆಯವರು ಎದೆ ಮುಟ್ಟಿಕೊಂಡು ಮಾತು ಕೊಟ್ಟದ್ದು ಆಗಲೇ.

ಮೊದಲ ದಿನ ಬೆಳಿಗ್ಗೆ ಅವರ ಹೆಂಡತಿ ದೇವಕಿ ಅಟ್ಟದಿಂದ ಊದುಗೊಳವೆ ಇಳಿಸಿ, ಜೇಡರ ಬಲೆ ಒರೆಸಿ, ಹಳೆಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಹದಿನೈದು ವರ್ಷದ ಮೇಲೆ ಮತ್ತೆ ಇದನ್ನ ಹಿಡಿಸಿದ್ರಲೀ ನಿಂಗ! ಕಣ್ಣೆಲ್ಲ ಉರಿತಾ ಇದ್ದು."

"ಒಂದು ವಾರ ತಡ್ಕಳೇ ಮಾರಾಯ್ತಿ. ಸಂಕ ಆದ್ರೆ ಮಳೆಗಾಲದಲ್ಲೂ ನೀ ತವರಿಗೆ ಹೋಗಲಕ್ಕು."

"ಹೊಗೆ ಆನು ತಡ್ಕತ್ತೆ. ನಿಂಗ ಬಾಯಿ ತಡ್ಕಳಿ. ಮಾತು ಬಂತು ಹೇಳಿ ಕಂಡ ಕೂಡ್ಲೇ ಒಂದು ಕವಳ ಹಾಕ್ಯಳಿ." ಎಲೆ ಅಡಿಕೆ ತುಂಬಿದ ಸಂಚಿಯೊಂದನ್ನು ಅವರ ಹೆಗಲಿಗೆ ತಾವೇ ತೂಗುಹಾಕಿದರು. ಕವಳ ತುಂಬಿದ ಬಾಯಿ ಮಾತಾಡಲಾರದು ಎಂಬುದು ಅವರು ಸಂಸಾರದಲ್ಲಿ ಕಂಡುಕೊಂಡ ಸತ್ಯ.

ಪ್ರೊಫೆಸರರ ಜೊತೆ ಹುಡುಗ ಹುಡುಗಿಯರು ಬಂದರು. ಒಳ್ಳೆಯ ಮಕ್ಕಳೇ. ಬೆಳಗಿನ ಹೊತ್ತು ಹಳ್ಳಕ್ಕಿಳಿದು ಜಲ್ಲಿ ಹೊತ್ತರು, ಅಂಗೈಗೆ ಬೊಬ್ಬೆ ತಂದುಕೊಂಡರು, ದೇವಕಿಯಿಂದ ಅರಿಸಿನ ಹಚ್ಚಿಸಿಕೊಂಡು ಮತ್ತೆ ಇಳಿದರು. ಮಧ್ಯಾಹ್ನದ ಮೇಲೆ ಮಾತ್ರ ಅವರಿಗೆ ಅರಿವು ಮೂಡಿಸುವ ಹುಕಿ ಹತ್ತುತ್ತಿತ್ತು. ಸುಹಾಸನೆಂಬ ಎತ್ತರದ ಹುಡುಗ ಮನೆಮನೆಗೆ ಚಿತ್ರಪಟ ಹೊತ್ತು ತಂದು, ಪೊರಕೆಯ ಹಂಚಿಕಡ್ಡಿಯಿಂದ ತೋರಿಸಿ, "ಇದು ಹಸು. ಇದು ಸಗಣಿ" ಎಂದು ಬಿಡಿಸಿ ಹೇಳಿದ. ಕೊಟ್ಟಿಗೆಯಲ್ಲಿ ಹುಟ್ಟಿ ಬೆಳೆದಂತಿದ್ದ ಹೆಗಡೆಯವರು ಕವಳ ಹಾಕಿಕೊಂಡು "ಹ್ಞೂಂ?" ಎಂದರು.

ಕೆರಿಯಪ್ಪನಿಗೆ ಅಜ್ಞಾನ ಬಹಳ ರುಚಿಸಿಬಿಟ್ಟಿತ್ತು. "ಸಗ್ಣಿಲಿ ಬೆಂಕಿ ಬತ್ತದಾ ತಮಾ? ಹಂಗಾರೆ ನಮ್ ಕೊಟ್ಗೆ ಇಷ್ಟ್ ವರ್ಷ ಸುಟ್ ಹೋಗ್ದೇ ಇದ್ದಿದ್ದು ದೇವ್ರು ದೊಡ್ಡವ್ನು!" ಎಂದು ಕಣ್ಣರಳಿಸಿದ. ಸುಹಾಸನಿಗೆ ಆ ದಿನ ಊಟ ಇಮ್ಮಡಿ ಸೇರಿತು.

ತೊಂದರೆ ಕೊಟ್ಟದ್ದು ದೀಕ್ಷಿತಾ ಎಂಬ ಹುಡುಗಿ. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಸಂಜೆ ಕೆಲಸ ಮುಗಿಸಿ ದೇವಕಿಗೆ ಕಾಯಿ ತುರಿದುಕೊಡಲು ಬರುವಳು. ಅಡುಗೆಮನೆಯ ಗೋಡೆ ನೋಡುವಳು. ಹಿತ್ತಿಲಲ್ಲಿ ಕೈ ತೊಳೆಯುತ್ತ ಕೊಟ್ಟಿಗೆಯ ಹಿಂದಿನ ಸೊಪ್ಪಿನ ರಾಶಿ ನೋಡುವಳು. ಉರಿಸದ ಗ್ಯಾಸು ಒಳಗೇ ತುಂಬಿ ಡ್ರಮ್ಮು ದಿನೇ ದಿನೇ ಮೇಲೇಳುತ್ತಿತ್ತು, ಅದರೊಂದಿಗೆ ಸೊಪ್ಪೂ.

"ಅಮ್ಮಾ, ಈ ಸೊಪ್ಪು ನಿನ್ನೆ ನನ್ನ ಸೊಂಟಕ್ಕೆ ಬರ್ತಿತ್ತು" ಎಂದಳು ಒಂದು ದಿನ.

"ಗೊಬ್ಬರದ ಸೊಪ್ಪು ಕೂಸೇ, ದಿನಾ ಹೊಸತು ಹಾಕ್ತ್ವಲೀ" ಎಂದರು ದೇವಕಿ, ಕೆಂಡದಂಥ ಕಣ್ಣು ಒರೆಸಿಕೊಳ್ಳುತ್ತ. ಹುಡುಗಿ ಒಳ್ಳೆಯ ಮನೆಯಿಂದ ಬಂದವಳು, ಮತ್ತೆ ಕೇಳಲಿಲ್ಲ.

ಹೀಗೆ ಸುಳ್ಳಿನ ಮೇಲೆ ಕಂಬ ಎದ್ದು ನಿಂತಿತು. ಸಮಾರೋಪದ ದಿನವೂ ಬಂತು. ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಚಪ್ಪರ, ಚಪ್ಪರದಡಿ ಪ್ರಿನ್ಸಿಪಾಲರು, ಅವರ ಮುಂದೆ ಎಳನೀರು. ಮೊದಲ ಕಾರ್ಯಕ್ರಮವೇ ವಿದ್ಯಾರ್ಥಿಗಳ ಬೀದಿನಾಟಕ. ಹಳ್ಳಿಯನ್ನು ಹಿಡಿದಿರುವ ಹೊಗೆಯಾಸುರನನ್ನು ಗೋಬರ್ ಗ್ಯಾಸಿನ ಅನಿಲಕುಮಾರಿ ಬಂದು ಸಂಹರಿಸುವ ಕಥೆ. ಅನಿಲಕುಮಾರಿ ದೀಕ್ಷಿತಾ. ಹೊಗೆಯಾಸುರ, ಮುಖಕ್ಕೆ ಮಸಿ ಬಳಿದುಕೊಂಡ ಸುಹಾಸ.

ಮುಂದಿನ ಸಾಲಿನಲ್ಲಿ ದೇವಕಿಯ ಪಕ್ಕ ಹೆಗಡೆಯವರು ಕವಳ ತುಂಬಿಕೊಂಡು ಗಟ್ಟಿಯಾಗಿ ಕೂತಿದ್ದರು. ಇನ್ನೊಂದು ಗಂಟೆ. ಆಮೇಲೆ ಸಂಕ.

ಸುಹಾಸ ಮುಂದೆ ಬಂದು ಕೈಯೆತ್ತಿದ. "ಹ್ಹ ಹ್ಹ ಹ್ಹ! ನಾನು ಹೊಗೆಯಾಸುರ. ನಾನು ಕೆಟ್ಟವನು. ನನ್ನಿಂದ ಕೆಮ್ಮು ಬರುತ್ತದೆ."

ಹೆಗಡೆಯವರು ಕವಳ ಅಗಿಯುವುದನ್ನು ನಿಲ್ಲಿಸಿದರು. ರಾಕ್ಷಸನೊಬ್ಬ ನಿಂತುಕೊಂಡು ತಾನು ಕೆಟ್ಟವನೆಂದು ತಾನೇ ಹೇಳುವುದೇ? ಯಾವ ರಾಕ್ಷಸ ಹಾಗೆ ಹೇಳಿಯಾನು? ಅವನಿಗೂ ಒಂದು ನ್ಯಾಯ ಬೇಡವೆ? ಮೂವತ್ತು ವರ್ಷ ರಾಕ್ಷಸರ ಕಡೆಯಿಂದ ವಕಾಲತ್ತು ಮಾಡಿದ ಜೀವ ಒಳಗೇ ಕುದಿಯಿತು. ದೇವಕಿ ಅವರ ಮೊಣಕೈ ಹಿಡಿದರು.

"ನಾನು... ನಾನು ಕೆಟ್ಟವನು" ಎಂದ ಸುಹಾಸ ಮತ್ತೆ. ಮುಂದಿನ ಮಾತು ಅವನಿಗೆ ಮರೆತೇಹೋಗಿತ್ತು. "ತುಂಬಾ ಕೆಟ್ಟವನು."

ಹೆಗಡೆಯವರು ಎದ್ದು, ಚಪ್ಪರದಾಚೆ ಹೋಗಿ ಕವಳ ಉಗಿದು ಬಂದರು. "ಬಂತಲೇ ಗ್ರಹಚಾರ" ಎಂದು ದೇವಕಿ ಸೆರಗಲ್ಲಿ ಮುಖ ಮುಚ್ಚಿಕೊಂಡರು. ಅಷ್ಟರಲ್ಲಿ ಹೆಗಡೆಯವರು ಸುಹಾಸನನ್ನು ಮೆಲ್ಲಗೆ ಬದಿಗೆ ಸರಿಸಿ, ಶಾಲು ಹೊದ್ದು ಅಂಗಳದ ನಡುವೆ ನಿಂತಿದ್ದರು.

"ಎಲೈ ಅನಿಲಕುಮಾರೀ! ಯಾರು ಕೆಟ್ಟವನು? ನಿನ್ನಜ್ಜಿ ಅಟ್ಟದಲ್ಲಿ ಕಟ್ಟಿಟ್ಟ ಬೀಜಕ್ಕೆ ಹುಳ ಹಿಡಿಯದಂತೆ ಕಾಯ್ದವನು ಯಾರು? ಈ ಸೀಮೆಯ ಮನೆಗಳ ಜಂತಿಗೆ ಗೆದ್ದಲು ಹತ್ತಗೊಡದವನು ಯಾರು? ಸಂಜೆಯಾದರೆ ಮೂಕ ದನಗಳಿಗೆ ಸೊಳ್ಳೆ ಕಚ್ಚದಂತೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತವನು ಯಾರು? ಹೋಮಕುಂಡದಿಂದ ಮೊದಲು ಮೇಲೇಳುವವನು ನಾನು! ಈ ಊರಿನ ಒಂದೊಂದು ಅಡುಗೆಮನೆಯೂ ನನ್ನ ಅರಮನೆ. ನಿನ್ನೆ ಮೊನ್ನೆ ಸಗಣಿಯಲ್ಲಿ ಹುಟ್ಟಿದ ಕೂಸು, ನನ್ನನ್ನು ಹೊರಡೆನ್ನುತ್ತೀಯಾ?"

ಊರವರು ಮೈಮರೆತು ಚಪ್ಪಾಳೆ ತಟ್ಟಿದರು. ಕೆರಿಯಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡೇ "ಭಲೇ!" ಎಂದ. ಪ್ರಿನ್ಸಿಪಾಲರು ಪ್ರೊಫೆಸರರ ಕಡೆ ಬಗ್ಗಿ, "ಇವ್ರಿಗೇನ್ರೀ ಏನೂ ಗೊತ್ತಿಲ್ಲ ಅಂದಿದ್ದು ನೀವು?" ಎಂದರು. ಪ್ರೊಫೆಸರರು ಎಳನೀರಿನ ಬುರುಡೆಯೊಳಗೆ ಇಣುಕಿದರು.

ಎಲ್ಲರೂ ದೀಕ್ಷಿತಾಳ ಮುಖ ನೋಡಿದರು. ಅವಳು ಕಂಠಪಾಠ ಮಾಡಿದ್ದು ಇಂಥ ಅಸುರನಿಗಲ್ಲ. ಮುಂದಿನ ಸಾಲಿನಲ್ಲಿದ್ದ ದೇವಕಿಯ ಕೆಂಪು ಕಣ್ಣುಗಳತ್ತ ನೋಡಿದಳು. ಆಮೇಲೆ ಅವಳ ಕಣ್ಣಲ್ಲಿ ಏನೋ ಮಿಂಚಿತು.

"ಹೊಗೆಯಾಸುರಾ, ಅಡುಗೆಮನೆಗಳೆಲ್ಲ ನಿನ್ನ ಅರಮನೆ ಅಂದೆಯಲ್ಲ. ನಾಗಪತಿ ಹೆಗಡೆಯವರ ಅಡುಗೆಮನೆಯೂ ನಿನ್ನದೇ?"

"ಅದೇ ನನ್ನ ರಾಜಧಾನಿ!"

"ಹಾಗಾದರೆ ಅದರ ಗೋಡೆ ಯಾಕೆ ಹಾಲಿನ ಹಾಗೆ ಬೆಳ್ಳಗಿದೆ? ತಲೆತಲಾಂತರದಿಂದ ಆಳಿದ ರಾಜನ ಗುರುತು ಒಂದೂ ಇಲ್ಲವಲ್ಲ! ಆ ಮನೆಯ ಅಮ್ಮನ ಕಣ್ಣು ನಾವು ಬಂದ ದಿನ ತಿಳಿಯಾಗಿತ್ತು, ಇವತ್ತು ನೋಡು, ಕೆಂಡ. ಹುಟ್ಟಿದಾಗಿನಿಂದ ಒಲೆ ಊದಿದವರ ಕಣ್ಣು ಈಗಷ್ಟೇ ಕೆಂಪಾಗುತ್ತದೆಯೆ? ಕೊಟ್ಟಿಗೆಯ ಹಿಂದೆ ಸೊಪ್ಪಿನ ರಾಶಿ ದಿನಾ ಮೇಲೇಳುತ್ತದೆ. ಕೊಯ್ದಿಟ್ಟ ಸೊಪ್ಪು ಬೆಳೆಯುತ್ತದೆಯೆ?" ಅವಳ ದನಿ ಏರಿತು. "ಅಸುರಾ, ನೀನು ಈ ಊರಿನವನೇ ಅಲ್ಲ. ನೀನೂ ನಮ್ಮ ಹಾಗೆ ಒಂದು ವಾರದ ಶಿಬಿರಕ್ಕೆ ಬಂದವನು!"

ಊರವರೆಲ್ಲ ತಲೆ ತಗ್ಗಿಸಿದರು. ಹೆಗಡೆಯವರ ಮುಖ ಮಾತ್ರ ಬೆಳಗಿತು. ಎಷ್ಟು ವರ್ಷವಾಗಿತ್ತು ಇಂಥದೊಂದು ಮಾತು ಕೇಳಿ! ಒಳ್ಳೆಯ ಮಾತಿಗೆ ಸೋಲದಿದ್ದರೆ ಅವನೆಂಥ ಅರ್ಥಧಾರಿ?

"ಆಹಾ! ಸೋತೆ ಅನಿಲಕುಮಾರೀ, ಸೋತೆ!" ಎಂದು ಎರಡೂ ಕೈ ಚಾಚಿದರು. "ನೀನಾಡಿದ್ದು ಸತ್ಯ. ಹದಿನೈದು ವರ್ಷದ ಹಿಂದೆಯೇ ಈ ಊರಿನವರು ನನ್ನನ್ನು ಮನೆಮನೆಯಿಂದ ಅಟ್ಟಿದ್ದಾರೆ. ಈ ವಾರ ಮಾತ್ರ ಅಟ್ಟದಿಂದ ಊದುಗೊಳವೆ ಇಳಿಸಿ, ಬಾ ಬಾ ಎಂದು..."

ಅಲ್ಲಿಗೆ ಅವರಿಗೆ ನೆನಪಾಯಿತು. ಚಾಚಿದ ಕೈ ಹಾಗೆಯೇ ಉಳಿಯಿತು. ಆಡಬಾರದ್ದನ್ನು ಆಡಿಸಿಬಿಟ್ಟೆನೆಂದು ಗೊತ್ತಾಗಿ ದೀಕ್ಷಿತಾಳೂ ಬಾಯಿ ಮುಚ್ಚಿಕೊಂಡಳು. ಕಂಬಗಳು ಹಳ್ಳದಲ್ಲಿ ಬರಿದೇ ನಿಂತಿರುವುದು ಅಂಗಳಕ್ಕೇ ಕಾಣುತ್ತಿತ್ತು.

"ಅಂದ್ರ," ಎಂದರು ಪ್ರಿನ್ಸಿಪಾಲರು ನಿಧಾನವಾಗಿ, "ಈ ಊರಾಗ ಎಲ್ಲಾರ ಮನ್ಯಾಗೂ ಗೋಬರ್ ಗ್ಯಾಸ್ ಐತಿ?"

ಪ್ರೊಫೆಸರರು ಗಂಟಲು ಸರಿಮಾಡಿಕೊಂಡರು. "ಐತಿ ಸರ್."

"ಶಿಬಿರದ ಮೊದಲನೇ ದಿನ ನೀವೇನ್ ನೋಡಿದ್ರಿ?"

"ಮನಿಮನ್ಯಾಗೂ ಹೊಗಿ ಸರ್. ನಮ್ಮ ಕಣ್ಣಾರೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬಂದ ದಿನ ಹೊಗೆ, ಹೊರಡುವ ದಿನ ಗ್ಯಾಸು. ಎರಡರಲ್ಲೂ ಸುಳ್ಳಿಲ್ಲ. ಪ್ರಿನ್ಸಿಪಾಲರು ಎದ್ದು ಮೈಕು ಹಿಡಿದರು. "ಬಂಧುಗಳೇ! ನಮ್ಮ ವಿದ್ಯಾರ್ಥಿಗಳು ಒಂದೇ ವಾರದೊಳಗ ಈ ಗ್ರಾಮವನ್ನು ಹೊಗೆಯಿಂದ ಮುಕ್ತ ಮಾಡ್ಯಾರ!"

"ಸರ್, ಅದು ಮೊದಲೇ..." ಎಂದು ದೀಕ್ಷಿತಾ ಬಾಯಿ ತೆರೆದಳು. "ಕೂಡವಾ ತಾಯಿ, ಕೂಡು" ಎಂದರು ಪ್ರೊಫೆಸರರು.

"ಬೇಕಾದ್ರ ಹಿರಿಯರನ್ನೇ ಕೇಳೂಣು" ಎಂದು ಪ್ರಿನ್ಸಿಪಾಲರು ಮೈಕನ್ನು ಹೆಗಡೆಯವರ ಕೈಗೆ ಕೊಟ್ಟರು. "ಹೇಳ್ರಿ ಯಜಮಾನ್ರ, ಈ ಕತ್ತಲಿಗೆ ಬೆಳಕು ತಂದವರು ನಮ್ಮ ಹುಡುಗರು ಹೌದಲ್ರೀ?"

ಹೆಗಡೆಯವರ ನಾಲಗೆಯ ತುದಿಗೆ ಒಂದು ಉತ್ತರ ಬಂದು ನಿಂತಿತು. ಅವರ ಆಯುಷ್ಯದಲ್ಲೇ ಅಷ್ಟು ಚಂದದ ಉತ್ತರ ಬಂದಿರಲಿಲ್ಲ. ಮೂರೇ ವಾಕ್ಯ, ಅಂಗಳ ಎದ್ದು ನಿಂತು ಚಪ್ಪಾಳೆ ತಟ್ಟುವಂಥದು. ಕೈಯಲ್ಲಿ ಮೈಕು ಬೇರೆ. ಎದುರಿಗೆ ಹಿಂದಿನ ಸಾಲಿನಲ್ಲಿ ಮಂಜಿ, ದಡದಲ್ಲಿ ಹುಟ್ಟಿದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಇವರನ್ನೇ ನೋಡುತ್ತಿದ್ದಳು.

ಹೆಗಡೆಯವರು ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸಂಚಿ ಬಿಚ್ಚಿದರು. ಎಲೆ ತೆಗೆದು ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಬಾಯಿಗೆ ಹಾಕಿದರು. ಸಾಲದೆಂದು ಇನ್ನೊಂದು ಹಾಕಿದರು. ಎರಡೂ ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಹೌದು ಹೌದೆಂದು ತಲೆಯಾಡಿಸಿದರು.

"ನೋಡ್ರಿ, ಪಾಪ, ಮಾತೇ ಹೊರಡವಲ್ದು ಅವರಿಗೆ!" ಎಂದರು ಪ್ರಿನ್ಸಿಪಾಲರು. ಸ್ಲ್ಯಾಬು ಅಲ್ಲೇ ಮಂಜೂರಾಯಿತು.

ಮಳೆಗೆ ಮುಂಚೆ ಸಂಕ ಮುಗಿಯಿತು. ಸ್ಲ್ಯಾಬು ಹಾಕಲು ಬಂದ ದೀಕ್ಷಿತಾಳನ್ನು ಹೆಗಡೆಯವರು ಬಿಡದೆ ಮನೆಗೆ ಕರೆದು, ಗ್ಯಾಸಿನ ಮೇಲೆ ಮಾಡಿಸಿದ ಚಹಾ ಕೊಟ್ಟು, ದೀಪಾವಳಿಯ ತಾಳಮದ್ದಳೆಗೆ ತಮ್ಮೆದುರು ಕೂರಬೇಕೆಂದು ಒಪ್ಪಿಸಿ ಕಳಿಸಿದರು. ಜೂನಿನಲ್ಲಿ ಹಳ್ಳ ಬಂತು, ಸಂಕದ ಕೆಳಗೆ ಹಾದುಹೋಯಿತು.

ಸಂಕದ ಮಗ್ಗುಲಲ್ಲಿ ಕಾಲೇಜಿನವರು ಒಂದು ಕಲ್ಲು ನಿಲ್ಲಿಸಿದ್ದಾರೆ: "ಒಂದೇ ವಾರದಲ್ಲಿ ಹೊಗೆಮುಕ್ತವಾದ ಗ್ರಾಮ." ಬಸ್ಸಿಗೆ ಹೊರಟ ಹೆಗಡೆಯವರು ದಿನಾ ಅದರೆದುರು ನಿಂತು, ಶಾಲು ಸರಿಮಾಡಿಕೊಂಡು, ಅವತ್ತು ನುಂಗಿದ ಆ ಮೂರು ವಾಕ್ಯಗಳಿಂದ ಶುರುಮಾಡುತ್ತಾರೆ. ಶುರುವಾದ ಮೇಲೆ ಮೂರಕ್ಕೆ ಮುಗಿಯುವುದಿಲ್ಲ. ಎಷ್ಟೋ ಸಲ ಬಸ್ಸು ಹೋಗಿಯೇಬಿಟ್ಟಿದೆ.

"ಹೆಗ್ಡೇರೆ," ಎಂದು ಕೆರಿಯಪ್ಪ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂಕ ದಾಟುತ್ತ ಕೂಗುತ್ತಾನೆ, "ಕಲ್ಲು ಇನ್ನೂ ಸೋತಿಲ್ವೇನ್ರಾ?"